ಕರಡಿ ಡಬ್ಬಿ ಮತ್ತು ಗಂಡಿನ ವಯಸ್ಸು

ನಮ್ಮ ಪಡಸಾಲೆಯಲ್ಲಿ ಕೂತಿದ್ದ ಅರ್ಧ ಜನ ಇದ್ದಕ್ಕಿದ್ದಂತೆ ಕಿವಿ ಮುಚ್ಚಿಕೊಂಡರು.

ಉಳಿದರ್ಧ ಜನ ಮಿರ್ಚಿ ಬಜ್ಜಿ ತಿನ್ನುತ್ತಿದ್ದರು.

ನಾನು ಮಿರ್ಚಿ ತಿನ್ನುವವರ ಪೈಕಿ. ಅದರಲ್ಲೇನೂ ಆಶ್ಚರ್ಯವಿಲ್ಲ, ನನಗೆ ಐವತ್ತು ದಾಟಿದೆ. ಆಶ್ಚರ್ಯವೇನೆಂದರೆ, ನನ್ನ ಪಕ್ಕದಲ್ಲಿ ಹೊಸ ಶರ್ಟು ಹಾಕಿಕೊಂಡು ಕೂತಿದ್ದ ನನ್ನ ಹೆಂಡತಿಯ ತಮ್ಮ ಕೊಟ್ರೇಶ ಕೂಡ ಆರಾಮಾಗಿ ಮಿರ್ಚಿಯ ತುದಿ ಕಚ್ಚುತ್ತಿದ್ದ. ಅವನಿಗೆ ಇಪ್ಪತ್ತೊಂಬತ್ತು. ಎದುರಿಗೆ ಕೂತಿದ್ದವರು ಅವನಿಗೆ ಹೆಣ್ಣು ಕೊಡುವ ಮುಂಚೆ ಗಂಡಿನ ಮನೆ ನೋಡಿಕೊಂಡು ಹೋಗಲು ಇಟ್ಟಿಗಿಯಿಂದ ಬಂದವರು.

ಅವರೆಲ್ಲ ಮೊದಲು ಕೊಟ್ರೇಶನನ್ನು ನೋಡಿದರು. ಆಮೇಲೆ ನನ್ನನ್ನು ನೋಡಿದರು. ಯಾಕೆಂದರೆ ಅವರ ಕಿವಿ ಕೊರೆದ ಆ ಸದ್ದು ಹೊರಟಿದ್ದು ನನ್ನ ಕೈಯಲ್ಲಿದ್ದ ಡಬ್ಬಿಯಿಂದ.

(ಇಲ್ಲಿಂದ ಸ್ವಲ್ಪ ಹಿಂದಕ್ಕೆ ಹೋಗಬೇಕು. ಸಾವಕಾಶವಾಗಿ ಬನ್ನಿ. ಅವಸರದಿಂದಲೇ ಇಷ್ಟೆಲ್ಲ ಆಗಿದ್ದು.)

ನನ್ನ ಹತ್ತಿರ ರಟ್ಟು ಹರಿದ ಒಂದು ಪುಸ್ತಕ ಇದೆ. ಕಾಲೇಜಿನ ದಿನಗಳಲ್ಲಿ ಹೊಸಪೇಟೆಯ ಹಳೆ ಪುಸ್ತಕದಂಗಡಿಯಲ್ಲಿ ಸಿಕ್ಕಿದ್ದು. ಕ್ರಾಂತಿ ಆದ ಹೊಸತರಲ್ಲಿ ರಷ್ಯದವರು ಬರೆದ ವಿಜ್ಞಾನ ಕಥೆಗಳು, ಕನ್ನಡದಲ್ಲಿ. ಮೊದಲ ಪುಟಗಳೇ ಇಲ್ಲದ್ದರಿಂದ ಬರೆದವರು ಯಾರು, ಕನ್ನಡಕ್ಕೆ ತಂದವರು ಯಾರು ಎಂಬುದು ನನಗೆ ಇವತ್ತಿಗೂ ಗೊತ್ತಿಲ್ಲ. ಹೆಸರಿಗೆ ವಿಜ್ಞಾನ, ಒಳಗೆಲ್ಲ ಕುಚೋದ್ಯ. ರಾಕೆಟ್ಟು, ಮಂಗಳ ಗ್ರಹ ಅಂತ ಆಸೆಪಟ್ಟು ತೆರೆದವರಿಗೆ ಸಿಗುವುದು ಆಫೀಸು, ಕ್ಯೂ, ಮೊಹರು, ಮೀಟಿಂಗು.

ಕಥೆಗಳ ದಾರಿ ಹೆಚ್ಚುಕಡಿಮೆ ಒಂದೇ. ಒಬ್ಬ ಪ್ರೊಫೆಸರ್ ಏನನ್ನೋ ಕಂಡುಹಿಡಿಯುತ್ತಾನೆ. ಕಂಡುಹಿಡಿದದ್ದು ಒಳ್ಳೆಯದೇ. ‘ತಡೀರಿ, ಇನ್ನೂ ನೋಡಬೇಕು’ ಅನ್ನುತ್ತಾನೆ. ಅಷ್ಟರಲ್ಲಿ ಒಬ್ಬ ಉತ್ಸಾಹಿ ಬಂದು, ಜನಕ್ಕೆ ಒಳ್ಳೆಯದಾಗಲಿ ಎಂದೇ, ಅದನ್ನು ಎತ್ತಿಕೊಂಡು ಹೋಗಿಬಿಡುತ್ತಾನೆ. ಮುಂದಿನ ಪುಟಗಳಲ್ಲಿ ಊರು ಅಡಿಮೇಲಾಗುತ್ತದೆ. ಗಮನಿಸಿ, ಅಲ್ಲಿ ಕೆಟ್ಟವರೇ ಇಲ್ಲ. ಅವಸರದವರಿದ್ದಾರೆ ಅಷ್ಟೆ.

ಇದರ ಬಗ್ಗೆ ಕೊಟ್ಟೂರಿನ ಚಾದಂಗಡಿಗಳಲ್ಲಿ ನಾನು ಮಾಡದ ಭಾಷಣವಿಲ್ಲ. ಅಣುಬಾಂಬಿನ ಮಾತು ಬಂದರೆ ಈ ಪುಸ್ತಕ. ಮೊಬೈಲಿನ ಮಾತು ಬಂದರೆ ಈ ಪುಸ್ತಕ. ಕೃತಕ ಬುದ್ಧಿಮತ್ತೆ ಬಂದ ಮೇಲಂತೂ ಜನ ನನ್ನನ್ನು ನೋಡಿ ಚಾ ಅರ್ಧಕ್ಕೇ ಬಿಟ್ಟು ಏಳತೊಡಗಿದರು. ನಾನು ಕೊಟ್ಟೂರಿನಲ್ಲಿ ಕೂತು ಧ್ರುವದ ಹಿಮ ಕರಗುತ್ತದಲ್ಲ ಎಂದು ನಿದ್ದೆಗೆಡುವ ಪೈಕಿ. ನನ್ನ ಹೆಂಡತಿ ಗಿರಿಜಾ ಮಾತ್ರ ಒಂದೇ ಪ್ರಶ್ನೆ ಕೇಳುತ್ತಾಳೆ: “ಆ ಪುಸ್ತಕದಾಗ ಗ್ಯಾಸ್ ಆಫ್ ಮಾಡೋದು ಹೆಂಗ ಅಂತ ಬರದಾರೇನ್ರಿ?”

ಇಂಥ ನನಗೆ ಒಬ್ಬ ಪ್ರೊಫೆಸರ್ ಗೆಳೆಯ ಇರಬೇಕೇ? ಇದ್ದಾನೆ. ವೀರಣ್ಣ. ಕೂಡ್ಲಿಗಿಯಲ್ಲಿ ಫಿಸಿಕ್ಸ್ ಲೆಕ್ಚರರ್. ಕಾನಹೊಸಹಳ್ಳಿ ಹತ್ತಿರ ಅವನದೊಂದು ಹೊಲ ಇದೆ, ಹೊಲದಲ್ಲಿ ಶೇಂಗಾ ಇದೆ, ಶೇಂಗಾ ಇದ್ದಲ್ಲಿಗೆ ಗುಡ್ಡದಿಂದ ಕರಡಿ ಬರುತ್ತದೆ. ಎಲ್ಲರೂ ತಗಡು ಬಡಿದು, ಪಟಾಕಿ ಹೊಡೆದು ಓಡಿಸುತ್ತಾರೆ. ವೀರಣ್ಣ ಮೃದು ಜೀವಿ. ಕರಡಿಗೂ ಗಾಬರಿಯಾಗಬಾರದು, ಪಕ್ಕದ ಹೊಲದವರ ನಿದ್ದೆಯೂ ಕೆಡಬಾರದು ಎಂದು ಒಂದು ಯಂತ್ರ ಮಾಡಿದ. ಹಳೆಯ ಟಿಫಿನ್ ಡಬ್ಬಿ, ಒಳಗೆ ಸ್ಪೀಕರು, ಸೆಲ್ಲು, ಮೇಲೊಂದು ಕೆಂಪು ಬಟನ್ನು. ಒತ್ತಿದರೆ ಸೂಜಿಯಂಥ ಸಣ್ಣ ಕೀರಲು ಸದ್ದು.

ಕರಡಿ ಬಂತು. ಡಬ್ಬಿಯ ಪಕ್ಕದಲ್ಲೇ ಕೂತು ಶೇಂಗಾ ಕಿತ್ತು ತಿಂದು ಹೋಯಿತು.

ಬೇರೆಯವರಾಗಿದ್ದರೆ ಡಬ್ಬಿಯನ್ನು ಗುಜರಿಗೆ ಹಾಕುತ್ತಿದ್ದರು. ವೀರಣ್ಣ ಅದನ್ನು ಕ್ಲಾಸಿಗೆ ಒಯ್ದ.

“ಬಟನ್ ಒತ್ತಿದ್ನೆಪಾ. ನನಗ ಏನೂ ಕೇಳ್ಲಿಲ್ಲ. ಅಟೆಂಡರ್‌ಗೂ ಕೇಳ್ಲಿಲ್ಲ. ಹುಡುಗ್ರು ಮಾತ್ರ ಕಿವಿ ಮುಚ್ಕೊಂಡು ‘ಸಾರ್, ಬಂದ್ ಮಾಡ್ರಿ’ ಅಂತ ಒದರಾಕ ಹತ್ತಿದ್ರು,” ಎಂದು ವೀರಣ್ಣ ತನ್ನ ಮನೆಯಲ್ಲಿ ನನಗೆ ಹೇಳಿದ. ಅವನ ಕಣ್ಣು ಹೊಳೆಯುತ್ತಿತ್ತು. “ವಯಸ್ಸಾದಂಗ ನಮ್ಮ ಕಿವ್ಯಾಗ ಈ ಸಣ್ಣ ದನಿನ ಮೊದ್ಲು ಸಾಯೋದು. ಚಿಕ್ಕೋರಿಗೆ ಕೇಳತೈತಿ, ನಮ್ಮಂಥೋರಿಗೆ ಕೇಳಂಗಿಲ್ಲ. ಆದ್ರ...”

ಆದ್ರ ಏನು? ನನಗೆ ಗೊತ್ತಾಗಲಿಲ್ಲ. ನಾನು ಆಗಲೇ ಚಪ್ಪಲಿ ಮೆಟ್ಟಿದ್ದೆ. ಡಬ್ಬಿ ನನ್ನ ಬಗಲಲ್ಲಿತ್ತು.

“ಲೇ, ಪೂರ್ತಿ ಕೇಳ್ಲೇ!” ಎಂದು ವೀರಣ್ಣ ಬಾಗಿಲಿಗೆ ಬಂದ.

“ಭಾನುವಾರ ಆದ ಮ್ಯಾಲೆ ವಾಪಸ್ ಕೊಡ್ತೀನೋ. ನಮ್ಮ ಕೊಟ್ರೇಶನ ಬಾಳೇವಿನ ಪ್ರಶ್ನೆ ಐತಿ!” ಎಂದು ಕೂಗಿ ಕೊಟ್ಟೂರು ಬಸ್ಸು ಹತ್ತಿದೆ.

ಅದು ನಿಜವಾಗಿಯೂ ಬಾಳೇವಿನ ಪ್ರಶ್ನೆಯೇ ಆಗಿತ್ತು.

ಕೊಟ್ರೇಶನೂ ನನ್ನ ಅತ್ತೆಯೂ ಇರುವುದು ನಮ್ಮ ಜೊತೆಗೇ. ಕೊಟ್ರೇಶ ಕೊಟ್ಟೂರಿನಲ್ಲಿ ಗಿರಣಿ ನಡೆಸುತ್ತಾನೆ. ಜೋಳ, ಗೋಧಿ, ಖಾರ ಎಲ್ಲ ಬೀಸುತ್ತಾನೆ. ಎಸ್ಸೆಸ್ಸೆಲ್ಸಿ ಮುಗಿದ ಬೇಸಿಗೆಯಲ್ಲಿ ಅಪ್ಪನಿಗೆ ನೆರವಾಗಲೆಂದು ಒಳಗೆ ಹೋದವನು ಮತ್ತೆ ಹೊರಗೆ ಬಂದಿಲ್ಲ. ತಲೆಗೂದಲು ತೆಳ್ಳಗಾಗಿದೆ. ಹುಬ್ಬಿನ ಮೇಲೆ ಸದಾ ಹಿಟ್ಟು. ನೋಡಿದವರು ನಲವತ್ತು ಅನ್ನುತ್ತಾರೆ. ನಮ್ಮ ಕಡೆ ಮದುವೆಯ ಮಾತು ಬಂತೆಂದರೆ ಗಂಡಿನ ವಯಸ್ಸಿನಲ್ಲಿ ಒಂದಷ್ಟು ವರ್ಷ ಉದುರಿಸಿ ಹೇಳುವುದು ಎಲ್ಲರಿಗೂ ಗೊತ್ತಿರುವ ಸಂಗತಿ. ಹೆಣ್ಣಿನ ಕಡೆಯವರು ಉದುರಿದ್ದನ್ನು ತಾವೇ ಕೂಡಿಸಿಕೊಳ್ಳುತ್ತಾರೆ. ಹೀಗಾಗಿ ಇದ್ದದ್ದು ಇದ್ದಂತೆ ಇಪ್ಪತ್ತೊಂಬತ್ತು ಎಂದ ಕೊಟ್ರೇಶ ಎಲ್ಲರ ಲೆಕ್ಕದಲ್ಲೂ ಮೂವತ್ತೆಂಟರ ಆಸುಪಾಸು. ಬಂದ ಸಂಬಂಧಗಳೆಲ್ಲ ಆ ಹುಬ್ಬು ನೋಡಿಯೇ ತಪ್ಪಿಹೋದವು.

ಈ ಸಲದ್ದು ತಪ್ಪಬಾರದಿತ್ತು. ಹುಡುಗಿ ಸುಜಾತಾ ಕಾನಹೊಸಹಳ್ಳಿಯ ಒಂದು ಹೈಸ್ಕೂಲಿನಲ್ಲಿ ಗಣಿತ ಟೀಚರ್. ನಾವು ಇಟ್ಟಿಗಿಗೆ ಹೋಗಿ ನೋಡಿ ಬಂದ ದಿನದಿಂದ ಕೊಟ್ರೇಶ ಗಿರಣಿಯಲ್ಲಿ ಹಾಡು ಹೇಳುತ್ತಿದ್ದಾನೆ ಎಂದು ಬೀಸಲು ಹೋದ ಹೆಂಗಸರು ಗಿರಿಜಾಗೆ ವರದಿ ಒಪ್ಪಿಸಿದ್ದರು. (ಗಿರಣಿಯ ಗದ್ದಲದಲ್ಲಿ ಹಾಡು ಕೇಳಿಸುವುದಿಲ್ಲ. ತುಟಿ ಅಲುಗಾಡಿದ್ದು ಕಂಡಿದೆ.)

ಆ ಭಾನುವಾರ ಅವರು ಬಂದರು. ಹುಡುಗಿಯ ಅಪ್ಪ, ಸೋದರಮಾವ ದೊಡ್ಡಬಸಪ್ಪ, ಒಂದಿಷ್ಟು ಹುಡುಗ ಹುಡುಗಿಯರು. ಜೊತೆಗೆ, ರೂಢಿ ಬಿಟ್ಟು, ಸುಜಾತಾ ಕೂಡ ಬಂದಿದ್ದಳು. “ಇರೋಳು ನಾನು, ಮನಿ ನೋಡೋರು ನೀವಾ?” ಎಂದು ಅಪ್ಪನಿಗೆ ಹೇಳಿ ಹೊರಟಳಂತೆ. ನನ್ನ ಅತ್ತೆಗೆ ಇದು ಅಷ್ಟು ಸರಿ ಬರಲಿಲ್ಲ. ನನಗೆ ಬಹಳ ಸರಿ ಬಂತು.

ಒಗ್ಗರಣಿ ಮಂಡಕ್ಕಿ, ಮಿರ್ಚಿ ಬಂದವು. ದೊಡ್ಡಬಸಪ್ಪ ಒಂದು ಮಿರ್ಚಿ ಮುಗಿಸಿ, ಕೈ ಒರೆಸಿಕೊಂಡು, ಸಾವಕಾಶ ಶುರುಮಾಡಿದರು.

“ಹುಡುಗಗ ವಯಸ್ಸು ಎಷ್ಟಂದ್ರಿ?”

“ಇಪ್ಪತ್ತೊಂಬತ್ತು ರೀ,” ಎಂದೆ.

“ಅದು ಆತು. ಖರೇ ವಯಸ್ಸು?”

ಗಿರಿಜಾ ಒಳಗಿನಿಂದ ಮಾರ್ಕ್ಸ್ ಕಾರ್ಡು ತಂದಳು. ದೊಡ್ಡಬಸಪ್ಪ ಕನ್ನಡಕ ಏರಿಸಿ ನೋಡಿ ನಕ್ಕರು.

“ಜೂನ್ ಒಂದು! ಶಾಲಿಗೆ ಸೇರಿಸೋ ಮುಂದ ಮಾಸ್ತರು ಬರದದ್ದು. ನಾನೂ ಜೂನ್ ಒಂದಕ್ಕ ಹುಟ್ಟೀನಿ, ನಮ್ಮ ತಮ್ಮನೂ ಅವತ್ತ, ಈಕೀ ಅಪ್ಪನೂ ಅವತ್ತ. ಇದನ್ನೇನು ನಂಬೋದ್ರಿ?”

ಕೊಟ್ರೇಶನ ಮುಖ ಇಳಿಯಿತು. ಸುಜಾತಾ ತಲೆ ತಗ್ಗಿಸಿ ಮಂಡಕ್ಕಿಯಲ್ಲಿ ಶೇಂಗಾ ಹುಡುಕುತ್ತಿದ್ದಳು. ಇಂಥ ಗಳಿಗೆಗಾಗಿಯೇ ಅಲ್ಲವೇ ವಿಜ್ಞಾನ ಇರುವುದು? ನಾನು ಎದ್ದು ನಿಂತೆ. ಕಪಾಟಿನಿಂದ ಡಬ್ಬಿ ತೆಗೆದೆ.

“ಕಾಗದ ಸುಳ್ಳು ಹೇಳಬಹುದ್ರಿ, ಕಿವಿ ಹೇಳಂಗಿಲ್ಲ,” ಎಂದು ಒಂದು ಸಣ್ಣ ಭಾಷಣ ಬಿಗಿದೆ. ಈ ಸದ್ದು ಹರೆಯದವರಿಗೆ ಮಾತ್ರ ಕೇಳುತ್ತದೆ, ವಯಸ್ಸಾದವರಿಗೆ ಇಲ್ಲ, ಕೂಡ್ಲಿಗಿಯ ಲೆಕ್ಚರರ್ ಕಂಡುಹಿಡಿದದ್ದು, ನೀವೇ ಪರೀಕ್ಷೆ ಮಾಡಿ. ಎಲ್ಲರೂ ಸರಿದು ಕೂತರು. ನಾನು ಕೆಂಪು ಬಟನ್ನು ಒತ್ತಿದೆ.

ಮುಂದಿನದು ನಿಮಗೆ ಗೊತ್ತು.

ಹುಡುಗರು ಕಿವಿ ಮುಚ್ಚಿಕೊಂಡರು. ಸುಜಾತಾ ಹುಬ್ಬು ಗಂಟಿಕ್ಕಿ ಸೆರಗು ಕಿವಿಗೆ ಒತ್ತಿಕೊಂಡಳು. ನನ್ನ ಅತ್ತೆ, “ಯಾಕ್ರವ್ವಾ, ಏನಾತು?” ಎಂದರು. ಕೊಟ್ರೇಶ ಮಿರ್ಚಿ ಬಾಯಲ್ಲಿಟ್ಟುಕೊಂಡೇ ನನ್ನ ಕಡೆ ತಿರುಗಿ, “ಮಾವ, ಇನ್ನೂ ಒತ್ತಿಲ್ಲೇನು?” ಎಂದ.

ದೊಡ್ಡಬಸಪ್ಪ ಟವೆಲ್ಲು ಹೆಗಲಿಗೆ ಹಾಕಿಕೊಂಡು ಎದ್ದರು. ಕೋಪವೇನೂ ಇಲ್ಲ, ಬಹಳ ಮರ್ಯಾದೆಯಿಂದಲೇ ಹೇಳಿದರು: “ಗಂಡಿನ ಕಡಿಯೋರ ಮಿಷಿನ್ನ ಗಂಡಿಗೆ ವಯಸ್ಸಾಗೈತಿ ಅಂದ ಮ್ಯಾಲೆ ನಾವೇನು ಹೇಳೋದೈತ್ರಿ? ಬರ್ತೀವಿ.”

ಅವರು ಹೋದ ಮೇಲೆ ಗಿರಿಜಾ ನನ್ನ ಜೊತೆ ಮಾತು ಬಿಟ್ಟಳು. ಕೊಟ್ರೇಶ ಮಾತ್ರ ಬಂದು ಪಕ್ಕದಲ್ಲಿ ಕೂತ. “ಮಾವ, ಹೆಂಗಿತ್ತು ಅದು ಸದ್ದು?” ಎಂದು ಕೇಳಿದ. ನನಗೂ ಕೇಳಿಸಿಲ್ಲಪ್ಪಾ ಎಂದೆ. “ಹಂಗಾದ್ರ ನಾನು ನೀನು ಒಂದ ವಾರಿಗೆಯೋರು ಆದ್ವಿ ಬಿಡು,” ಎಂದು ನಕ್ಕ. ಆಮೇಲೆ ಕನ್ನಡಿಯ ಮುಂದೆ ನಿಂತು ಹುಬ್ಬನ್ನು ಎರಡು ಸಲ ಉಜ್ಜಿಕೊಂಡ. ಅಲ್ಲಿ ಹಿಟ್ಟಿರಲಿಲ್ಲ.

ಮಾರನೆಯ ದಿನ ಡಬ್ಬಿ ವಾಪಸ್ ಒಯ್ದೆ. ವೀರಣ್ಣ ಎಲ್ಲವನ್ನೂ ಕೇಳಿ ತಲೆಗೆ ಕೈ ಹೊತ್ತು ಕೂತ.

“ಕೊಟ್ರೇಶ ಗಿರಣ್ಯಾಗ ಎಷ್ಟು ವರ್ಷ ಅದಾನ?”

“ಹೈಸ್ಕೂಲ್ ಮುಗಿದಾಗಿಂದ.”

“ಅದಲೇ ನನ್ನ ಆದ್ರ! ನನ್ನ ಕ್ಲಾಸಿನಾಗ ಒಬ್ಬ ಹುಡುಗಗ ಮಾತ್ರ ಕೇಳ್ಲಿಲ್ಲ. ವಿಚಾರ ಮಾಡಿದ್ನಿ, ರಜಾ ಬಂದ್ರ ಸಾಕು ಕಲ್ಲಿನ ಕ್ರಷರ್‌ನಾಗ ದುಡೀತಾನಂತ. ಗದ್ದಲದಾಗ ದುಡಿಯೋರ ಕಿವಿ ಹರೇದಾಗ ಹೋಗತೈತಿ. ಇವತ್ತು ಈ ಸಣ್ಣ ದನಿ ಹೋತು. ಹಂಗ ಬಿಟ್ರ ನಾಳಿ ಮನಿಯೋರ ಮಾತೂ ಹೋಗತೈತಿ. ಇದು ವಯಸ್ಸು ಅಳಿಯೋ ಡಬ್ಬಿ ಅಲ್ಲಲೇ, ಕೆಡಾಕ ಹತ್ತಿದ ಕಿವಿ ಹುಡುಕೋ ಡಬ್ಬಿ. ಹೇಳಾಕ ಬಂದ್ರ ನೀನು ಬಸ್ ಹತ್ತಿದಿ.”

ಅವತ್ತು ಮನೆಗೆ ಬಂದು ಆ ರಷ್ಯನ್ ಪುಸ್ತಕ ತೆರೆದೆ. ಆ ಉತ್ಸಾಹಿ ಬರುತ್ತಾನಲ್ಲ, ಪ್ರೊಫೆಸರನ ಮಾತು ಮುಗಿಯುವ ಮೊದಲೇ ಎತ್ತಿಕೊಂಡು ಓಡುವವನು? ಇಷ್ಟು ವರ್ಷ ಅವನ ಮುಖಕ್ಕೆ ನಾನು ಯಾವ್ಯಾವುದೋ ಮಂತ್ರಿ, ಅಧಿಕಾರಿಯ ಮುಖ ಅಂಟಿಸಿ ಓದಿದ್ದೆ. ಈಗ ಓದಿದರೆ ಅವನ ಕಾಲಲ್ಲಿ ನನ್ನ ಚಪ್ಪಲಿ. ಅವನಿಗೂ ಮದುವೆಯಾಗದ ಭಾವಮೈದುನ ಒಬ್ಬ ಇದ್ದಿರಬೇಕು. ಕಥೆಗಾರ ಬರೆದಿಲ್ಲ, ಅಷ್ಟೆ.

ಎರಡು ದಿನ ಬಿಟ್ಟು ದೊಡ್ಡಬಸಪ್ಪನವರಿಗೆ ಫೋನ್ ಮಾಡಿ ಎಲ್ಲ ಬಿಡಿಸಿ ಹೇಳಿದೆ. ಸಮಾಧಾನದಿಂದ ಕೇಳಿಸಿಕೊಂಡರು.

“ಇರಲಿ ಬಿಡ್ರಿ. ಆದ್ರೂ ಮಿಷಿನ್ನು ಚೊಲೋ ಐತಿ. ನಮ್ಮ ಹುಡುಗ್ರು ಅಂಥದ್ದ ಸದ್ದು ಮೊಬೈಲಿನಾಗ ಹುಡುಕ್ಯಾರ. ನಿನ್ನಿ ಹರಪನಹಳ್ಳಿ ಕಡಿ ಒಂದು ಗಂಡು ನೋಡಾಕ ಹೋದಾಗ ಹಚ್ಚಿ ನೋಡಿದ್ವಿ.”

ಕಥೆ ಮುಂದಿನ ಪುಟಕ್ಕೆ ಹೋಗಿಬಿಟ್ಟಿತ್ತು.

ಮದುವೆ ಕುದುರಿಸುವವರ ಮೊಬೈಲುಗಳಲ್ಲಿ ಆ ಸದ್ದು ಹಡಗಲಿಯಿಂದ ಹಗರಿಬೊಮ್ಮನಹಳ್ಳಿಗೆ, ಅಲ್ಲಿಂದ ಕೂಡ್ಲಿಗಿಗೆ ಓಡಾಡತೊಡಗಿತು. ಗಂಡು ನೋಡಲು ಹೋದವರು ಚಾ ಕುಡಿಯುತ್ತ ಮೆಲ್ಲಗೆ ಮೊಬೈಲು ಟೀಪಾಯಿ ಮೇಲೆ ಇಡುವುದು, ಗಂಡಿನ ಮುಖ ನೋಡುವುದು. ಗಂಡುಗಳೇನು ದಡ್ಡರೇ? ಎದುರಿನವರ ಕೈ ಮೊಬೈಲಿಗೆ ಹೋಯಿತೆಂದರೆ ಇವರ ಕೈ ಕಿವಿಗೆ. ನಲವತ್ತು ದಾಟಿದವರೊಬ್ಬರು ಹೀಗೆ ಕಿವಿ ಮುಚ್ಚಿ, ಹಲ್ಲು ಕಚ್ಚಿ, ಪಾಪ, ತಲೆಯನ್ನೂ ಅಲ್ಲಾಡಿಸಿದರಂತೆ. ಹುಡುಗಿಯ ಅಪ್ಪ ಟೈಮ್ ನೋಡಲು ಮೊಬೈಲ್ ತೆಗೆದಿದ್ದರು. ಆದರೂ ಮದುವೆ ಗೊತ್ತಾಯಿತಂತೆ!

ಸುಳ್ಳು ವಯಸ್ಸಿನವರು ಪಾಸು. ನಿಜ ವಯಸ್ಸಿನ ನಮ್ಮ ಕೊಟ್ರೇಶ ಫೇಲು. ವಿಜ್ಞಾನಕ್ಕೆ ಜಯವಾಗಲಿ.

ಇದರ ನಡುವೆ ವೀರಣ್ಣ ತನ್ನ ಕೆಲಸ ಬಿಟ್ಟಿರಲಿಲ್ಲ. ಹಗರಿಬೊಮ್ಮನಹಳ್ಳಿಯ ಕಿವಿ ಡಾಕ್ಟರೊಬ್ಬರನ್ನು ಒಪ್ಪಿಸಿ, ಕಾನಹೊಸಹಳ್ಳಿಯ ಹೈಸ್ಕೂಲಿನಲ್ಲಿ ಒಂದು ಭಾನುವಾರ ಗಿರಣಿ, ಕ್ರಷರ್, ಬೋರ್‌ವೆಲ್ ಲಾರಿಗಳಲ್ಲಿ ದುಡಿಯುವ ಹುಡುಗರ ಕಿವಿ ಪರೀಕ್ಷೆ ಇಟ್ಟ. ಅದು ಸುಜಾತಾ ಪಾಠ ಮಾಡುವ ಶಾಲೆ. ಬಂದವರನ್ನು ಸಾಲಾಗಿ ಕೂರಿಸಲು ಅವಳೂ ಬಂದಿದ್ದಳು. ಕೊಟ್ರೇಶನನ್ನು ನಾನೇ ಎಳೆದುಕೊಂಡು ಹೋಗಿದ್ದೆ. ಅವನ ಕಿವಿಗಾಗಿ ಎಂದು ಹೇಳಿಕೊಂಡಿದ್ದೆ. ಆದರೆ ನನ್ನ ಮನಸ್ಸಿನಲ್ಲಿ ಬೇರೆಯೇ ಇತ್ತು. ಇವತ್ತು ಸುಜಾತಾ ಎದುರಿಗೆ ಇವನು ಒಂದು ಸಲ ಕಿವಿ ಮುಚ್ಚಿಕೊಂಡರೆ ಸಾಕಲ್ಲ?

ದಾರಿಯುದ್ದಕ್ಕೂ ತಯಾರಿ ಮಾಡಿಸಿದ್ದೆ. “ವೀರಣ್ಣನ ಬೆರಳು ಬಟನ್ ಮ್ಯಾಲೆ ಹೋದ ತಕ್ಷಣ ಮುಚ್ಚು. ಮುಖ ಕಿವುಚು. ಜಾಸ್ತಿ ಬ್ಯಾಡ.” ಅವನು ಕಿಟಕಿಯಾಚೆ ನೋಡುತ್ತಿದ್ದ.

ಹುಡುಗರು ಬೆಂಚುಗಳಲ್ಲಿ ಕೂತಿದ್ದರು. ಯಾರ ಮುಖದಲ್ಲೂ ಕಳೆಯಿಲ್ಲ. “ಕೇಳ್ಲಿಲ್ಲ ಅಂದ್ರ ಮುಗೀತಲೇ, ಹೆಣ್ಣು ಸಿಗಂಗಿಲ್ಲ,” ಎಂದು ಮುಂದಿನ ಬೆಂಚಿನವನು ಪಕ್ಕದವನಿಗೆ ಪಿಸುಗುಟ್ಟಿದ. ಗದ್ದಲದಲ್ಲಿ ದುಡಿದವರ ಪಿಸುಮಾತು. ಇಡೀ ರೂಮಿಗೆ ಕೇಳಿಸಿತು.

ವೀರಣ್ಣ ಡಬ್ಬಿ ಎತ್ತಿ ಹಿಡಿದ. ಬೆರಳು ಬಟನ್ನಿನ ಮೇಲೆ ಹೋಯಿತು.

ಫಟ್ಟನೆ ಎಲ್ಲರ ಕೈ ಕಿವಿಗೆ! ಒಬ್ಬನಂತೂ “ಅಯ್ಯಯ್ಯಪ್ಪೋ” ಎಂದು ಬೆಂಚಿನ ಮೇಲೆ ಬೋರಲು ಬಿದ್ದ.

ಹಿಂದಿನ ಬೆಂಚಿನಲ್ಲಿ ಕೊಟ್ರೇಶ ಮಾತ್ರ ತೊಡೆಯ ಮೇಲೆ ಕೈ ಇಟ್ಟುಕೊಂಡು ಕೂತಿದ್ದ. ನಾನು ಬಾಗಿಲ ಬಳಿ ನಿಂತು ಎರಡೂ ಕಿವಿ ಮುಚ್ಚಿ ಸನ್ನೆ ಮಾಡಿದೆ: ಮುಚ್ಕೋ, ಮಾರಾಯ, ಮುಚ್ಕೋ! ಅವನು ನನ್ನನ್ನು ನೋಡಿದ. ಗೋಡೆಗೆ ಒರಗಿ ನಿಂತಿದ್ದ ಸುಜಾತಾಳನ್ನು ನೋಡಿದ. ಆಮೇಲೆ ನಿಧಾನವಾಗಿ ಕೈ ಎತ್ತಿದ. ಕಿವಿಗಲ್ಲ, ಶಾಲೆಯ ಹುಡುಗರ ಹಾಗೆ ಮೇಲಕ್ಕೆ.

“ಸಾರ್, ನನಗೇನೂ ಕೇಳ್ಲಿಲ್ರಿ.”

ಎಲ್ಲರೂ ಗೊಳ್ಳೆಂದರು. “ಕಾಕಾ, ಮುಂದಿನ ಬೆಂಚಿಗೆ ಬರ್ರಿ,” ಎಂದು ಬೋರ್‌ವೆಲ್ಲಿನವನೊಬ್ಬ ರೇಗಿಸಿದ. ಕೊಟ್ರೇಶನ ಕಿವಿ ಕೆಂಪಾದವು. ಕೈ ಮಾತ್ರ ಇಳಿಯಲಿಲ್ಲ.

ವೀರಣ್ಣ ಇನ್ನೊಂದು ಕೈಯ ಮುಷ್ಟಿ ಬಿಚ್ಚಿದ. ಅಂಗೈಯಲ್ಲಿ ಡಬ್ಬಿಯ ಸೆಲ್ಲು.

“ಕೇಳಾಕ ಡಬ್ಬಿ ಚಾಲೂ ಆಗಿಲ್ರೋ. ಪರೀಕ್ಷಾ ಮಾಡೋ ಮೊದ್ಲು ಒಂದು ಸಲ ಹಿಂಗ ಸುಳ್ಳು ಬಟನ್ ಒತ್ತಿ ನೋಡೋದು ಪದ್ಧತಿ.” ಆಮೇಲೆ ಬಾಗಿಲ ಕಡೆ ತಿರುಗಿ, “ಏನಪಾ, ಐವತ್ತು ದಾಟಿದ ನಿನಗೂ ಕೇಳ್ತೇನು?” ಎಂದ.

ನನ್ನ ಕೈಗಳು ಇನ್ನೂ ಕಿವಿಯ ಮೇಲೇ ಇದ್ದವು.

ಬೋರಲು ಬಿದ್ದಿದ್ದವನು ಮೆಲ್ಲಗೆ ಎದ್ದು ಕೂತ. ವೀರಣ್ಣ ಬೈಯಲಿಲ್ಲ. ಸೆಲ್ಲು ಹಾಕಿದ, ಸದ್ದು ಹಚ್ಚಿದ, ಕೇಳಿಸದವರು ಕೈ ಎತ್ರಿ ಎಂದ. ನಾನು ಬೆಂಚುಗಳ ಕಡೆ ನೋಡಲಿಲ್ಲ, ಸುಜಾತಾಳ ಮುಖ ನೋಡಿದೆ. ಅವಳು ಸೆರಗು ಕಿವಿಗೆ ಒತ್ತಿಕೊಂಡು, ಒಂದೊಂದಾಗಿ ಮೇಲೆದ್ದ ಕೈಗಳನ್ನು ನೋಡುತ್ತಿದ್ದಳು. ಒಂದೊಂದು ಕೈಗೆ ಒಂದೊಂದು ಸಲ ಅವಳ ಮುಖ ಸಣ್ಣಗಾಗುತ್ತಿತ್ತು. ಬಹಳ ಕೈಗಳಿದ್ದವು.

ಡಾಕ್ಟರು ಒಬ್ಬೊಬ್ಬರನ್ನೇ ಕೂರಿಸಿಕೊಂಡು ನೋಡಿದರು. ಹೋದದ್ದು ಬರುವುದಿಲ್ಲ, ಇದ್ದದ್ದನ್ನು ಉಳಿಸಿಕೊಳ್ಳಿ ಎಂದು ಕೊಟ್ರೇಶನಿಗೆ ಹೇಳಿದರು. ಈಗ ಅವನು ಗಿರಣಿಯಲ್ಲಿ ಕಿವಿಗೆ ದಪ್ಪ ಕವಚ ಹಾಕಿಕೊಂಡು ನಿಲ್ಲುತ್ತಾನೆ. ಬೀಸಲು ಬರುವ ಹೆಂಗಸರು ಪೈಲಟ್ ಅಂತ ಕರೆಯುತ್ತಾರಂತೆ.

ಆ ವಾರದಲ್ಲೇ ದೊಡ್ಡಬಸಪ್ಪನವರ ಫೋನ್ ಬಂತು. ದನಿಯಲ್ಲಿ ಸ್ವಲ್ಪ ಸೋಲು, ಸ್ವಲ್ಪ ಬೆರಗು.

“ಹುಡುಗಿ ಹೂಂ ಅಂದಾಳ್ರೀ. ವಯಸ್ಸಿನ ಮಾತು ತಗದ್ರ ನಮಗ ಲೆಕ್ಕ ಹೇಳ್ತಾಳ. ‘ಅಷ್ಟು ಮಂದಿ ನಗೋ ಮುಂದ ಸುಳ್ಳು ಹೇಳಲಾರದೋನು, ನಮ್ಮ ಮುಂದ ಕುಂತು ಯಾಕ ಹೇಳ್ತಾನ ಮಾವ?’ ಅಂತಾಳ. ಟೀಚರ್ ನೋಡ್ರಿ, ಎದುರು ಮಾತಾಡಾಕ ಬರಂಗಿಲ್ಲ.”

ಗಿರಿಜಾ ನನ್ನ ಜೊತೆ ಮಾತು ಶುರುಮಾಡಿದಳು. (ಮೊದಲ ಮಾತು: “ಗ್ಯಾಸ್ ಆಫ್ ಮಾಡೀರೇನು?”) ಕೊಟ್ರೇಶ ಮತ್ತೆ ಹಾಡುತ್ತಿದ್ದಾನೆ ಎಂದು ವರದಿ ಬಂದಿದೆ.

ನಾನು ಮಾತ್ರ ಆ ರಾತ್ರಿ ನಿದ್ದೆ ಮಾಡಲಿಲ್ಲ. ಚಿಂತೆಯಿಂದಲ್ಲ, ಒಂದು ಐಡಿಯಾ ಹೊಳೆದಿತ್ತು. ಸೆಲ್ಲು ಇಲ್ಲದ ಆ ಡಬ್ಬಿ ಇದೆಯಲ್ಲ, ಅದು ಸುಳ್ಳುಗಾರರನ್ನು ಹಿಡಿಯುವ ಯಂತ್ರವಲ್ಲವೇ? ಬಟನ್ ಒತ್ತುವುದು, ಯಾರು ಕಿವಿ ಮುಚ್ಚುತ್ತಾರೋ ನೋಡುವುದು. ವೋಟು ಕೇಳಲು ಬರುವವರ ಮುಂದೆ ಇಡಬಹುದು. ಆಫೀಸುಗಳ ಬಾಗಿಲಲ್ಲಿ ಇಡಬಹುದು. ಊರು ಉದ್ಧಾರವಾಗಿ ಹೋಗುತ್ತದೆ! ಬೆಳಗಾಗುತ್ತಲೇ ಮೊದಲ ಬಸ್ಸಿಗೆ ಕೂಡ್ಲಿಗಿಗೆ ಹೋಗಿ ವೀರಣ್ಣನಿಗೆ ಹೇಳಿದೆ. ಅವನು ಚಾ ಲೋಟ ಕೆಳಗಿಟ್ಟು, “ವಿಚಾರ ಚೊಲೋ ಐತಿ. ಆದ್ರ...” ಎಂದ.

ನಾನು ಆಗಲೇ ಚಪ್ಪಲಿ ಮೆಟ್ಟುತ್ತಿದ್ದೆ.

ಸಣ್ಣ ದನಿ ಹರೆಯ ಮುಗಿದ ಮೇಲೆ ಕೇಳುವುದಿಲ್ಲ, ಸರಿ. ಈ ‘ಆದ್ರ’ ಅನ್ನೋದು ಯಾವ ವಯಸ್ಸಿಗೆ ಕೇಳಲು ಶುರುವಾಗುತ್ತದೆ, ಯಾರಾದರೂ ಹೇಳುತ್ತೀರಾ?